ಬ್ಯಾಂಕಾಕ್‌ನಲ್ಲೂ ಪನ್ನೀರಾ?

ಬ್ಯಾಂಕಾಕ್‌ಗೆ ಹೋಗಿ ಮೂರು ಹೊತ್ತೂ ಪನ್ನೀರ್ ಬಟರ್ ಮಸಾಲಾ ತಿನ್ನೋಕೆ ಪಾಸ್‌ಪೋರ್ಟ್ ಯಾಕ್ರೀ ಬೇಕು? ‘ವೆಜ್‌ನವರಿಗೆ ಅಲ್ಲೇನೂ ಸಿಗಲ್ಲ’ ಅಂತ ಪ್ಯಾಕೇಜ್ ಟೂರಿನವರು ಹೆದರಿಸ್ತಾರೆ, ನಾವು ನಂಬ್ತೀವಿ.

ಮೀನಿನ ಸಾಸು ಅಲ್ಲಿ ಸೊಪ್ಪಿನ ಪಲ್ಯಕ್ಕೂ ಬೀಳುತ್ತೆ, ನಿಜ. ಅದಕ್ಕೇ ‘ವೆಜ್’ ಅನ್ನಬೇಡಿ, ‘ಜೇ’ ಅನ್ನಿ. ಮಾಂಸ, ಮೊಟ್ಟೆ, ಮೀನಿನ ಸಾಸು ಬಿಡಿ, ಈರುಳ್ಳಿ, ಬೆಳ್ಳುಳ್ಳಿ, ಹಾಲು ಕೂಡ ಇರಲ್ಲ. ನಿಮ್ಮ ಪನ್ನೀರಿಗಿಂತ ಒಂದು ಕೈ ಮೇಲಿನ ಮಡಿ! ಹಳದಿ ಬಾವುಟದಲ್ಲಿ ಕೆಂಪಕ್ಷರ ಕಂಡರೆ ಅದೇ ಅಂಗಡಿ. ನಾಲ್ಕು ದಿನ ಟೂರಿನ ಎಣ್ಣೆ ತೇಲುವ ದಾಲ್ ತಿಂದು ಕೆಟ್ಟ ನನ್ನ ಹೊಟ್ಟೆ ಸರಿಹೋಗಿದ್ದು ಗಲ್ಲಿಯೊಂದರ ಜೇ ಅಂಗಡಿಯ ತೋಫು-ಅನ್ನದಿಂದ.

ಒಂದಕ್ಷರ ಕಲಿಯದೆ ಒಂದಿಡೀ ದೇಶದ ಅಡುಗೆಮನೆಯನ್ನೇ ಮೈಲಿಗೆ ಅನ್ನೋದು ಸಸ್ಯಾಹಾರವಲ್ಲ, ಸೋಮಾರಿತನ.