ಕಲ್ಲಿನ ವಯಸ್ಸು, ಊರಿನ ಲೆಕ್ಕ

ಹಾಸನ ಸೀಮೆಯ ಕುರಿತ ವಿದ್ವತ್ತು ಬಹುಕಾಲ ಕಲ್ಲಿನ ಸುತ್ತಲೇ ಬೆಳೆದಿದೆ. ಬಿ.ಎಲ್. ರೈಸ್ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಹೊರತಂದರು. ಆಮೇಲೆ ಭೂವಿಜ್ಞಾನಿಗಳು ಬಂದರು. ಇಲ್ಲಿನ ನೈಸ್ ಶಿಲೆಗೆ ಸುಮಾರು 336 ಕೋಟಿ ವರ್ಷ ಎಂಬ ಲೆಕ್ಕ 1980ರಲ್ಲಿ ಪ್ರಕಟವಾಯಿತು. ಹೊಳೆನರಸೀಪುರ, ನುಗ್ಗೇಹಳ್ಳಿಗಳ ಶಿಲಾಪಟ್ಟಿಗಳನ್ನು ಹೊರದೇಶದ ಭೂವಿಜ್ಞಾನಿಗಳೂ ಬಲ್ಲರು. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದ ಕ್ರೋಮೈಟ್ ಅದಿರು ನುಗ್ಗೇಹಳ್ಳಿ ಪಟ್ಟಿಯದೇ.

ಈ ನೆಲವನ್ನು ನಂಬಿ ಬದುಕುವ ಜನರ ಅಧ್ಯಯನಕ್ಕೆ ಅಷ್ಟು ಭಾಗ್ಯ ಒದಗಲಿಲ್ಲ. ಎಚ್.ವಿ. ನಂಜುಂಡಯ್ಯ ಆರಂಭಿಸಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಜನರನ್ನು ಜಾತಿವಾರು ವಿಂಗಡಿಸಿದವು. ಅವರೆಲ್ಲ ಒಂದೇ ಊರಿನಲ್ಲಿ ಕೂಡಿ ಬಾಳುವ ಬಗೆ ಅವುಗಳಲ್ಲಿ ಕಾಣದು. ಆ ಕೊರತೆ ತುಂಬಿದ ಹೆಸರಾಂತ ಅಧ್ಯಯನಗಳು ನೆರೆಯ ಜಿಲ್ಲೆಗಳಲ್ಲಿ ನಡೆದವು. 1948ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ನೆಲೆಸಿದರು. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯದ ಕಡೆಯ ಎರಡು ಹಳ್ಳಿಗಳಿಗೆ ಬಂದರು. ಒಂದಕ್ಕೆ ನಾಲೆ ನೀರು ಹರಿದಿತ್ತು. ಇನ್ನೊಂದು ನಾಲೆಗಿಂತ ಎತ್ತರದಲ್ಲಿದ್ದು ಒಣಗಿಯೇ ಉಳಿದಿತ್ತು. ನೀರು ಕಂಡ ಊರು ಕಬ್ಬು ಬೆಳೆದು ಚೇತರಿಸಿಕೊಂಡರೂ ಹಳೆಯ ಒಡೆಯ–ಆಳು ಸಂಬಂಧವನ್ನು ಬಿಡಲಿಲ್ಲ. ಒಣ ಊರಿನವರು ಕೂಲಿ, ನೌಕರಿ, ವ್ಯಾಪಾರ ಹುಡುಕಿ ಹೊರಬಿದ್ದರು. ಹಳೆಯ ಕಟ್ಟುಗಳು ಸಡಿಲಿದ್ದು ಅಲ್ಲೇ.

1979ರಲ್ಲಿ ಮುಗಿದ ಗೊರೂರಿನ ಹೇಮಾವತಿ ಅಣೆಕಟ್ಟು, ನಾಲೆ ನೀರು ಊರಿನ ಬಾಳನ್ನು ಹೇಗೆ ಬದಲಿಸುತ್ತದೆ ಎಂಬ ಅದೇ ಪ್ರಶ್ನೆಯನ್ನು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಮುಂದೆ ಇಟ್ಟಿದೆ. ನಾಲೆಯ ಕೆಳಗೆ ಗದ್ದೆ, ಮೇಲೆ ಮಳೆ ನಂಬಿದ ಹೊಲ. ಹಾಸನದ ಸುತ್ತಿನ ಹೊಲದ ಬೆಳೆ ಆಲೂಗಡ್ಡೆ. ಜಲಂಧರ್‌ನಿಂದ ಲಾರಿಯಲ್ಲಿ ಬರುವ ಬಿತ್ತನೆ ಗಡ್ಡೆಯನ್ನು ತಂದು, ಒಂದೊಂದು ಹೋಳಿನಲ್ಲೂ ಕಣ್ಣು ಉಳಿಯುವಂತೆ ಕೊಯ್ದು, ಮುಂಗಾರಿನ ಹದ ನೋಡಿ ನೆಡುತ್ತಾರೆ. ಮೋಡ ಕವಿದು ಜಡಿ ಹಿಡಿದರೆ ಎಲೆ ಕಪ್ಪಾಗಿ ಅಡಿಯಲ್ಲಿ ಬಿಳಿ ಬೂಷ್ಟು ಕಾಣುತ್ತದೆ. ಅದೇ ಅಂಗಮಾರಿ. ರೋಗಾಣುವನ್ನು ಪ್ರಯೋಗಾಲಯ ಬಲ್ಲದು. ಬೆಳೆ ಹೋದ ವರ್ಷ ಬಿತ್ತನೆಯ ಸಾಲ ತೀರಿಸಿದವರು ಯಾರು, ಯಾವ ಮನೆಯ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು ಎಂಬುದನ್ನು ಊರಲ್ಲಿ ಕೂತೇ ಕೇಳಬೇಕು. ಇದೂ ವಿಜ್ಞಾನವೇ.

ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿರುವ ಹಕ್ಕಿಪಿಕ್ಕಿ ಬುಡಕಟ್ಟಿನ ವಿಷಯದಲ್ಲಿ ಈ ಕೆಲಸ ಇನ್ನೂ ತುರ್ತಿನದು. ಅವರ ಬೇಟೆಯ ಕಸುಬಿಗೆ 1972ರ ವನ್ಯಜೀವಿ ಕಾಯ್ದೆ ತೆರೆ ಎಳೆಯಿತು. ಮನೆಮಾತಾದ ವಾಗ್ರಿಗೆ ಸ್ವಂತ ಲಿಪಿಯಿಲ್ಲ. ಅವರ ಮೂಲಿಕೆ ಜ್ಞಾನವನ್ನು ಬರೆದುಕೊಂಡು ಹೋದವರು ಅದನ್ನು ಹಿಂದಿರುಗಿಸುವುದೂ ನ್ಯಾಯ. ಕೆನಡಾದ ಮೂಲನಿವಾಸಿಗಳು ತಮ್ಮ ಕುರಿತ ಮಾಹಿತಿಯ ಒಡೆತನ, ಹತೋಟಿ, ಬಳಕೆ, ಸ್ವಾಧೀನ ನಾಲ್ಕೂ ತಮ್ಮವೇ ಎಂಬ ತತ್ವವನ್ನು 1998ರಲ್ಲಿ ರೂಪಿಸಿಕೊಂಡರು. ಇಲ್ಲಿಯೂ ಅಧ್ಯಯನದಿಂದ ಹುಟ್ಟಿದ ಪ್ರಬಂಧದ ಒಂದು ಕನ್ನಡ ಪ್ರತಿ ಆ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಬರಬೇಕು. ಅಚ್ಚಾಗುವ ಮೊದಲು ಮಾಹಿತಿ ಕೊಟ್ಟವರ ಮುಂದೆ ಅದನ್ನು ಓದಿ, ಅವರು ಹೇಳಿದ ತಿದ್ದುಪಡಿಗಳನ್ನು ಸೇರಿಸಬೇಕು.