ಗೂಟದ ಎತ್ತಿಗೆ 50 ರೂಪಾಯಿ



ಪೆದ್ದಹರಿವಾಣಂ ಕಡೆಯವರಿಗೆ ಗುಳೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದೋನಿ ಸೀಮೆಯಲ್ಲಿ ಮುಂಗಾರಿನ ಬೆಳೆ ಕೈಸೇರಲಿ, ಕೈಕೊಡಲಿ, ಆಮೇಲೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಮಕ್ಕಳು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತಾರೆ. ಮಕ್ಕಳ ಓದು ನಿಲ್ಲುವ ಬಗ್ಗೆ ಸಭೆಗಳಲ್ಲಿ ಮಾತು ಬರುತ್ತದೆ. ಕೊಟ್ಟಿಗೆಯಲ್ಲಿ ಉಳಿದ ಎತ್ತು, ಎಮ್ಮೆಗಳ ಮಾತು ಬರುವುದಿಲ್ಲ. ನಡೆಯಲಾರದ ಅಜ್ಜನ ಮೇಲೋ ನೆರೆಮನೆಯವರ ಮೇಲೋ ಹಾಕಿ ಹೋಗುತ್ತೇವೆ. ಅಜ್ಜ ಎಷ್ಟು ಕೊಡ ನೀರು ಹೊತ್ತಾನು?

ಇದು ಬರೀ ಮರೆವಲ್ಲ, ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್‌ನಲ್ಲಿ ಹೊಡೆತ ಬಡಿತ ಮಾತ್ರ ಇಲ್ಲ. ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು, ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು, ಹೆಗಲ ಹುಣ್ಣು ಮಾಯದ ಎತ್ತನ್ನು ನೊಗಕ್ಕೆ ಕಟ್ಟುವುದು ಎಲ್ಲವೂ ಇವೆ. ಅದಕ್ಕೆ ಆ ಕಾಯಿದೆ ಗೊತ್ತುಮಾಡಿದ ಶಿಕ್ಷೆ ಮೊದಲ ಸಲ 10ರಿಂದ 50 ರೂಪಾಯಿ ದಂಡ. 3 ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೆ 3 ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರಲ್ಲಿ 50 ರೂಪಾಯಿ ದೊಡ್ಡ ಮೊತ್ತವೇ ಆಗಿತ್ತು. ಈಗ ನಾಲ್ಕು ಜನ ಹೋಟೆಲಿನಲ್ಲಿ ಕೂತು ಚಹಾ ಕುಡಿದರೆ ಮುಗಿಯುತ್ತದೆ.

ಜಲ್ಲಿಕಟ್ಟು ಪ್ರಕರಣದಲ್ಲಿ 2014ರ ಮೇ 7ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಈ ದಂಡ ಏನೇನೂ ಸಾಲದು, ಸಂಸತ್ತು ಕಾಯಿದೆ ತಿದ್ದಬೇಕು ಎಂದಿತು. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಕಾಯಿದೆಯಲ್ಲಿ ಇನ್ನೊಂದು ತೊಡಕೂ ಇದೆ. ಅಪರಾಧ ನಡೆದ 3 ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ಸಂಕ್ರಾಂತಿಗೆ ಮುಂಚೆ ಹೊರಟವರು ಯುಗಾದಿ ಕಳೆದು ಬರುವಷ್ಟರಲ್ಲಿ, ಮೊದಲ ವಾರದಲ್ಲೇ ಸತ್ತ ಎತ್ತಿನ ಪಾಲಿಗೆ ನ್ಯಾಯಾಲಯದ ಬಾಗಿಲೂ ಮುಚ್ಚಿರುತ್ತದೆ.

ಬ್ರಿಟನ್ನಿನವರು 2021ರಲ್ಲಿ ಪ್ರಾಣಿಗಳನ್ನು ನರಳಿಸಿದವರ ಗರಿಷ್ಠ ಶಿಕ್ಷೆಯನ್ನು 6 ತಿಂಗಳಿನಿಂದ 5 ವರ್ಷಕ್ಕೆ ಏರಿಸಿದರು. ನಮ್ಮಲ್ಲೂ ಹಾಗೇ ಆಗಲಿ ಎಂದು ಬಾಯಿಗೆ ಬರುತ್ತದೆ. ಆದರೆ ಸಾಲ ತೀರಿಸಲು ಗುಳೆ ಹೋದ ಕೂಲಿಯವನನ್ನು ಜೈಲಿಗೆ ಹಾಕಿದರೆ ಉಳಿದ ಎಮ್ಮೆಗೆ ಮೇವು ಹಾಕುವವರು ಯಾರು? ಅವನ ಮಕ್ಕಳಿಗೆ? ಕಣದಲ್ಲಿ ಬಣವೆ ಇದ್ದೂ ದನ ಒಣಗಿಸುವವನ ಮಾತು ಬೇರೆ. ಅವನಿಗೆ 50 ರೂಪಾಯಿ ಶಿಕ್ಷೆಯೇ ಅಲ್ಲ. ಇಬ್ಬರಿಗೂ ಒಂದೇ ದಂಡ ಎನ್ನುವುದು ನಮಗಂತೂ ಸರಿಕಾಣುವುದಿಲ್ಲ.

ಇದೇ ಕಾಯಿದೆಯ 29ನೇ ಸೆಕ್ಷನ್ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಶಿಕ್ಷೆಯಾದವನ ಬಳಿ ಬಿಟ್ಟರೆ ಪ್ರಾಣಿಗೆ ಮತ್ತೆ ಹಿಂಸೆ ತಪ್ಪದು ಎಂದು ಕಂಡರೆ ಅದನ್ನು ನ್ಯಾಯಾಲಯ ಅವನಿಂದ ಬಿಡಿಸಬಹುದು, ಮುಂದೆ ಸಾಕಲೇಬಾರದೆಂದೂ ಹೇಳಬಹುದು. 35ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಆರೈಕೆಗೆ ಕಳಿಸಬಹುದು. ಇವು ಎತ್ತಿನ ಕಡೆ ನೋಡಿ ಬರೆದ ಮಾತುಗಳು.

ಸಬ್ಬತ್ ದಿನದಲ್ಲೂ ಎತ್ತನ್ನು ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ ಎಂದು ಯೇಸು ಕೇಳಿದ್ದನ್ನು ಲೂಕನ ಶುಭಸಂದೇಶದಲ್ಲಿ ಓದಿದ್ದೇವೆ. ಕೇಳಿಸಿಕೊಂಡವರಿಗೆ ಅದು ವಿಶೇಷವೆನಿಸಿರಲಾರದು, ಎಲ್ಲರೂ ಮಾಡುತ್ತಿದ್ದ ಕೆಲಸ.

ಗುಳೆ ಹೊರಡುವ ನಾಲ್ಕು ಮನೆಯವರು ಸೇರಿ ಒಬ್ಬರನ್ನು ಊರಲ್ಲೇ ಉಳಿಸಬಹುದು. ಉಳಿದವರಿಗೆ ದಿನದ ಕೂಲಿ ಕೊಟ್ಟು, ಮರಳಿ ಬರುವಾಗ ತಂದ ಮೆಣಸಿನಕಾಯಿಯಲ್ಲಿ ಒಂದು ಪಾಲು ಸೇರಿಸಿದರೆ ಯಾರೂ ಬೇಡವೆನ್ನಲಾರರು. ಸಾಕಲಾಗದ ದನವನ್ನು ಹೊರಡುವ ಮುಂಚೆಯೇ ಸಾಕುವವರ ಕೈಗೆ ಕೊಡಬೇಕು, ಸೊರಗಿದ ಮೇಲಲ್ಲ. ಬೀಗ ಹಾಕುವ ದಿನ, ಬಾನಿ ತುಂಬಿಸುವವರು ಯಾರೆಂದು ಅಜ್ಜನನ್ನು ಒಮ್ಮೆ ಕೇಳಿ ಹೊರಡೋಣ.