ಬಿ ಶಿಫ್ಟ್ ವಾರದಲ್ಲಿ ಅಪ್ಪ ಸಿಗುವುದು ಯಾವಾಗ?

ಬೆಳಗ್ಗೆ ಆರೂವರೆಗೆ ಬಿಡದಿಯ ಯಾವುದಾದರೂ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ನಿಂತು ನೋಡಿ. ಕಾರ್ಖಾನೆ ಯೂನಿಫಾರ್ಮಿನ ಇಬ್ಬರು ಅಕ್ಕಪಕ್ಕ ನಿಂತು ತಿನ್ನುತ್ತಿರುತ್ತಾರೆ. ಒಬ್ಬ ಜನರಲ್ ಶಿಫ್ಟಿಗೆ ಹೊರಟವನು, ಅವನಿಗದು ತಿಂಡಿ. ಇನ್ನೊಬ್ಬ ರಾತ್ರಿ ಪಾಳಿ ಮುಗಿಸಿ ಬಂದವನು, ಅವನಿಗದು ರಾತ್ರಿಯೂಟ.

ಹಾಗೆ ರಾತ್ರಿಯೂಟ ಮಾಡುತ್ತಿದ್ದ ನಮ್ಮ ಪಕ್ಕದ ಮನೆಯವನು ಒಂದು ದಿನ ನನಗೆ ತನ್ನ ಫೋನ್ ತೋರಿಸಿದ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಹಿತವಚನ. ಐದಕ್ಕೆ ಏಳುವವನೇ ಜೀವನದಲ್ಲಿ ಗೆಲ್ಲುತ್ತಾನಂತೆ. "ಐದಕ್ಕ ಏಳಬೇಕಂದ್ರ ಮೊದ್ಲ ಮಲಗಬೇಕಲ್ರಿ ಅಣ್ಣಾರ" ಎಂದು ನಕ್ಕ.

ಅವನು ರಾಯಚೂರು ಕಡೆಯವನು, ಗುತ್ತಿಗೆ ಕಾರ್ಮಿಕ. ಕೈಗಾರಿಕಾ ಪ್ರದೇಶದ ಹಿಂದಿನ ಶೀಟಿನ ಮನೆಗಳ ಸಾಲಿನಲ್ಲಿ ನನ್ನದೊಂದು, ಅವನದೊಂದು. ಹೆಂಡತಿ, ಎರಡನೇ ಕ್ಲಾಸಿನ ಮಗ. ಅವರ ಮನೆಯ ಕ್ಯಾಲೆಂಡರಿನಲ್ಲಿ ಹಬ್ಬ, ಅಮಾವಾಸ್ಯೆಗಿಂತ ಎದ್ದು ಕಾಣುವುದು ಆ ಹುಡುಗ ಕ್ರೇಯಾನ್ಸಿನಲ್ಲಿ ಬರೆದ ಎ, ಬಿ, ಸಿ ಅಕ್ಷರಗಳು. ಅದು ಅಪ್ಪನ ಶಿಫ್ಟು.

ಬಿ ಶಿಫ್ಟ್ ಎಂದರೆ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಓಟಿ ಬಿದ್ದರೆ ಮನೆ ಸೇರುವುದು ಹನ್ನೆರಡೂವರೆ. ಬೆಳಗ್ಗೆ ಹುಡುಗ ಸ್ಕೂಲಿಗೆ ಹೋಗುವಾಗ ಅಪ್ಪ ಮಲಗಿರುತ್ತಾನೆ. ಹುಡುಗ ವಾಪಸ್ ಬರುವಷ್ಟರಲ್ಲಿ ಅಪ್ಪ ಕೆಲಸಕ್ಕೆ ಹೋಗಿರುತ್ತಾನೆ. ಅಪ್ಪ ಬಂದಾಗ ಹುಡುಗ ನಿದ್ದೆಯಲ್ಲಿ. ಹತ್ತಡಿ ಅಗಲದ ಒಂದೇ ರೂಮಿನಲ್ಲಿದ್ದೂ ಸೋಮವಾರದಿಂದ ಶನಿವಾರದವರೆಗೆ ಇಬ್ಬರಿಗೂ ಮಾತಿಲ್ಲ.

ನಾನು ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳಿದೆ. "ಓಟಿ ಬೇಡ ಅನ್ನು, ದುಡ್ಡು ಯಾವಾಗ ಬೇಕಾದರೂ ಬರುತ್ತೆ." ಅವನು ಸಿಟ್ಟಾಗಲಿಲ್ಲ. ಊರಿನ ಸಾಲ, ಸ್ಕೂಲ್ ಫೀಸು, ಬಾಡಿಗೆ ಎಂದು ಬೆರಳು ಮಡಚಿ ಎಣಿಸಿದ. ಆಮೇಲೆ, "ನೀವು ಪೇಪರ್‌ನವ್ರು ಫೋನ್ ಬಂದ್ ಮಾಡಿ ಊಟಕ್ಕ ಕುಂಡ್ರತೀರೇನ್ರಿ?" ಎಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿರುವವನಿಗೆ ಶಿಫ್ಟೂ ಇಲ್ಲ, ಓಟಿಯೂ ಇಲ್ಲ. ಅಚ್ಚಾದ ಸುದ್ದಿಗಷ್ಟೇ ಕಾಸು. "ನೀವು ಮನೇಲಿರೋದು ಫೋನ್ ಚಾರ್ಜ್ ಆಗೋವರೆಗೆ ಮಾತ್ರ" ಎನ್ನುತ್ತಾಳೆ ನನ್ನ ಹೆಂಡತಿ.

ಕೆಲ ವರ್ಷಗಳ ಹಿಂದೆ ಸಂಕ್ರಾಂತಿಗೆ ಮಾಗಡಿ ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆ. ಸಂಜೆ ದನಗಳಿಗೆ ಕಿಚ್ಚು ಹಾಯಿಸಿ ಬಂದು ಊಟಕ್ಕೆ ಕೂತಿದ್ದೆವು. ತಟ್ಟೆಗೆ ಮುದ್ದೆ, ಅವರೆಕಾಳು ಸಾರು ಬಿದ್ದಿತ್ತು. ಹೆದ್ದಾರಿಯಲ್ಲಿ ಅಪಘಾತ ಎಂದು ಫೋನ್ ಬಂತು. ಎದ್ದೆ. "ಸುದ್ದಿ ನಾಳೆನೂ ಇರ್ತದೆ ಕಣಪ್ಪ, ಉಂಡ್ಕಂಡು ಹೋಗು" ಎಂದರು ಅಪ್ಪ. ನಾನು ಕೇಳಲಿಲ್ಲ. ಮಾರನೆಯ ದಿನ ಸುದ್ದಿ ಬಂದದ್ದು ನಾಲ್ಕು ಸಾಲು. ರಾತ್ರಿ ಹನ್ನೊಂದರವರೆಗೂ ನನ್ನ ತಟ್ಟೆ ಮುಚ್ಚಿಟ್ಟುಕೊಂಡು ಅಪ್ಪ ಕೂತಿದ್ದರಂತೆ. ಮುಂದಿನ ಸಂಕ್ರಾಂತಿಗೆ ಅವರಿರಲಿಲ್ಲ.

ಚೆನ್ನಾಗಿ ಬದುಕುವುದು ಎಂದರೆ ನಮ್ಮವರ ಜೊತೆ ಕೂತು ಉಣ್ಣಲು ಒಂದು ಹೊತ್ತು ಉಳಿಸಿಕೊಳ್ಳುವುದು. ನನಗೆ ತಿಳಿದದ್ದು ಇಷ್ಟೇ. ಎಷ್ಟು ಗಂಟೆಗೆ ಏಳುತ್ತೀರಿ ಎಂಬುದು ಆಮೇಲಿನ ಮಾತು.

ಆದರೆ ಆ ಹೊತ್ತನ್ನು ಒಬ್ಬನೇ ಹಟ ಹಿಡಿದು ಉಳಿಸಿಕೊಳ್ಳಲು ಆಗುವುದಿಲ್ಲ. ನಾವೆಲ್ಲ ತಾನಾಗಿ ಬಂದದ್ದು ಎಂದುಕೊಂಡಿರುವ ಭಾನುವಾರದ ರಜೆಯೂ ಹಾಗೆ ಸಿಕ್ಕಿದ್ದಲ್ಲ. ಮುಂಬೈ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಕೇಳಿ 1890ರಲ್ಲಿ ಅದನ್ನು ಪಡೆದರು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ, ವಾರಕ್ಕೊಂದು ರಜೆ ಎಂದು ಗೆರೆ ಎಳೆಯಿತು. ಓಟಿಗೆ ಎರಡು ಪಟ್ಟು ಕೂಲಿ ಎಂದೂ ಬರೆಯಿತು. 2023ರಲ್ಲಿ ನಮ್ಮ ರಾಜ್ಯ ಆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆ ಹಾಗೇ ಇಟ್ಟು, ಕಾರ್ಮಿಕನ ಲಿಖಿತ ಒಪ್ಪಿಗೆ ಇದ್ದರೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಎಂದಿತು.

ವಾರದಲ್ಲಿ ದುಡಿಯುವ ದಿನ ಕಡಿಮೆಯಾಗಿ ರಜೆ ಹೆಚ್ಚು ಸಿಗುತ್ತದೆ ಎನ್ನುತ್ತಾರೆ. ಹಾಗೆ ಸಿಕ್ಕರೆ ಒಳ್ಳೆಯದೇ. ಆದರೆ ಹನ್ನೆರಡು ಗಂಟೆ ದುಡಿದು, ಹೋಗಿಬರುವ ಹೊತ್ತು ಸೇರಿಸಿ, ನಿದ್ದೆ ಕಳೆದರೆ ಆ ದಿನ ಮಗುವಿಗೆ ಉಳಿಯುವುದು ಎಷ್ಟು ನಿಮಿಷ? ನಾಳೆ ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯದಲ್ಲಿರುವ ಗುತ್ತಿಗೆ ಕಾರ್ಮಿಕ ಕಾಗದಕ್ಕೆ ಹಾಕುವ ಸಹಿಯನ್ನು ಒಪ್ಪಿಗೆ ಎನ್ನಬಹುದೇ?

2020ರ ನವೆಂಬರಿನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮುಷ್ಕರ, ಲಾಕೌಟ್ ಆದದ್ದು ನಿಮಗೆ ನೆನಪಿರಬಹುದು. ಕೆಲಸದ ಹೊರೆ ಹೆಚ್ಚಾಗಿದೆ ಎಂದು ಯೂನಿಯನ್, ಅಶಿಸ್ತು ಎಂದು ಆಡಳಿತ ಮಂಡಳಿ. ಎಷ್ಟು ಕಾರು ನಿಂತವು, ಮಂತ್ರಿಗಳು ಏನಂದರು ಎಂದೆಲ್ಲ ನಾನು ಕೇಳಿದೆ. ನಿಮ್ಮ ಮನೆಯಲ್ಲಿ ಎಲ್ಲರೂ ಕೂತು ಉಣ್ಣುವುದು ಯಾವಾಗ ಎಂದು ಒಬ್ಬರನ್ನೂ ಕೇಳಲಿಲ್ಲ. ಆ ಹೋರಾಟವೂ ಬಹುಪಾಲು ಅದರ ಬಗ್ಗೆಯೇ ಇತ್ತೇನೋ ಎಂದು ಈಗ ಅನಿಸುತ್ತದೆ.

ದೊಡ್ಡ ಬದಲಾವಣೆ ಬರುವ ತನಕ ಸಣ್ಣವು ಕೆಲವು ಆಗಬಹುದು. ಗುತ್ತಿಗೆಯವರಿಗೂ ಶಿಫ್ಟ್ ಪಟ್ಟಿ ತಿಂಗಳ ಮೊದಲೇ ಕೊಡಬಹುದು. ಓಟಿ ಇದೆ ಎಂದು ಗಂಟೆ ಮುಗಿಯುವಾಗ ಹೇಳುವ ಬದಲು ಹಿಂದಿನ ದಿನವೇ ಹೇಳಬಹುದು. ಇಲ್ಲಿನ ಶಾಲೆಗಳು ಪೋಷಕರ ಸಭೆಯನ್ನು ಭಾನುವಾರ ಇಡಬಹುದು. ಹಗಲು ಮಲಗುವವರಿರುವ ಸಾಲಿನಲ್ಲಿ ನಾವು ಮೈಕು ಹಾಕದೆ ಇರಬಹುದು.

ಅವನೂ ನಾನೂ ಒಂದೊಂದು ಶುರು ಮಾಡಿದ್ದೇವೆ. ಬಿ ಶಿಫ್ಟ್ ವಾರದ ಬುಧವಾರ ಅವನು ಬೆಳಗ್ಗೆ ಏಳಕ್ಕೆ ಎದ್ದು, ಮಗನ ಜೊತೆ ತಿಂಡಿ ತಿಂದು, ಅವನನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದು ಮತ್ತೆ ಮಲಗುತ್ತಾನೆ. ನಾನು ರಾತ್ರಿ ಎಂಟೂವರೆಯಿಂದ ಮುಕ್ಕಾಲು ಗಂಟೆ ಫೋನನ್ನು ಕಪಾಟಿನಲ್ಲಿಡುತ್ತೇನೆ. ಅದರಿಂದ ಎರಡು ಸುದ್ದಿ ಬೇರೆಯವರ ಪಾಲಾದವು, ಕಾಸೂ ಹೋಯಿತು. ಒಂದು ದಿನ ಡೆಸ್ಕಿನಿಂದ ಬೈಗುಳವೂ ಆಯಿತು. ಆದರೂ ಬಿಟ್ಟಿಲ್ಲ.

ಈ ವಾರ ಅವನದು ಬಿ ಶಿಫ್ಟ್. ನಿನ್ನೆ ಅವರ ಮನೆಗೆ ಹೋದಾಗ ಕ್ಯಾಲೆಂಡರ್ ನೋಡಿದೆ. ಬುಧವಾರದ ಚೌಕದಲ್ಲಿ ಬಿ ಪಕ್ಕ ಹುಡುಗ ಒಂದು ತಟ್ಟೆ ಬರೆದಿದ್ದಾನೆ. ಅದರ ಮೇಲೆ ಎರಡು ಇಡ್ಲಿ.